ಟಾಕೀಸಿನ ಗುಟ್ಟು ಬದುಕಿಸಿದ ಹನುಮಂತಪ್ಪ

ಬೆಳಗಿನ ಆರು ಗಂಟೆ. ಕೇಶ್ವಾಪುರದ ಗಂಗಾಂಬಿಕಾ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ಹನುಮಂತಪ್ಪ ಚಪ್ಪಲಿ ಕಳಚಿಟ್ಟು, ಕೈ ಒರೆಸಿಕೊಂಡು ಮಷಿನ್ನಿನ ಸ್ವಿಚ್ ಒತ್ತುತ್ತಾರೆ. ಒಳಗೆ ಫ್ಯಾನು ಗುಂಯ್ ಎನ್ನುತ್ತದೆ. ಚಾವಣಿ ಕುಸಿದು ಮುಚ್ಚಿದ್ದ ಟಾಕೀಸು ಎರಡು ವರ್ಷದ ನಂತರ ಇವತ್ತು ಪರೀಕ್ಷೆಗೆ ಕೂತಿದೆ. ಪರದೆಯ ಮೇಲೆ ಚಿತ್ರ ಬಂದರೆ ನಾಳೆ ಶುಕ್ರವಾರ ಬಾಗಿಲು ತೆರೆಯುತ್ತದೆ. ಬರದಿದ್ದರೆ ಕಟ್ಟಡ ಕಲ್ಯಾಣಮಂಟಪವಾಗುತ್ತದೆ, ರೀಲಿನ ಕಾಲದಿಂದ ಇಲ್ಲಿ ಆಪರೇಟರ್ ಆಗಿದ್ದ ಹನುಮಂತಪ್ಪನವರ ಕೆಲಸವೂ ಕಾಯಂ ಆಗಿ ಹೋಗುತ್ತದೆ. ಟಾಕೀಸಿನ ಯಜಮಾನತಿ ರಾಜೇಶ್ವರಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ: "ಹೊಸಾ ಮಷಿನ್ ತರೂದು ನನ್ನ ಕೈಲೆ ಆಗೂದಿಲ್ಲ ಕಾಕಾ."

ಇಷ್ಟೂ ನಿಂತಿರುವುದು ಮಷಿನ್ನಿನೊಳಗಿನ ಉಗುರಗಲದ ಒಂದು ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ! ಈಗಿನ ಸಿನಿಮಾ ಡಿಸ್ಕಿನಲ್ಲಿ ಬರುತ್ತದೆ, ಬೀಗ ಹಾಕಿಸಿಕೊಂಡೇ ಬರುತ್ತದೆ. ಯಾರೋ ಕದ್ದು ನಕಲು ಮಾಡಿಕೊಂಡರೂ ಅವರಿಗೆ ಒಂದು ದೃಶ್ಯವೂ ಕಾಣದು. ಬೀಗ ತೆರೆಯುವ ಗುಟ್ಟು ಮಷಿನ್ನಿನ ಪ್ರೊಸೆಸರ್ ಆದ ಈ ಚಿಪ್ಪಿನೊಳಗೆ ಹುದುಗಿದೆ. ಒಂದು ಮಷಿನ್ನಿನ ಗುಟ್ಟು ಇನ್ನೊಂದಕ್ಕೆ ಗೊತ್ತಿಲ್ಲ. ಹೊರಮುಚ್ಚಳ ತೆಗೆದರೆ ಅದು ಮುನಿಸಿಕೊಂಡು ಕೂರುತ್ತದೆ. ಒಳಪೆಟ್ಟಿಗೆಗೇ ಕೈ ಹಾಕಿದರೆ ತನ್ನ ಗುಟ್ಟನ್ನು ತಾನೇ ಅಳಿಸಿಕೊಳ್ಳುತ್ತದೆ. ಅಬ್ಬಾ, ಕೇಳಿದಾಗ ನನ್ನ ಮೈ ಜುಮ್ಮೆಂದಿತು.

ಮುನಿಸಿನ ರುಚಿ ಹನುಮಂತಪ್ಪನವರಿಗೆ ಚೆನ್ನಾಗಿ ಗೊತ್ತು. ಮಷಿನ್ ಬಂದ ಮೊದಲ ವರ್ಷದ ಆಯುಧಪೂಜೆ. ರೀಲಿನ ಪ್ರೊಜೆಕ್ಟರಿಗೆ ಮಾಡುತ್ತಿದ್ದಂತೆ ಇದರ ಮುಚ್ಚಳವನ್ನೂ ತೆಗೆದು ಒಳಗೆ ಕುಂಕುಮ ಹಚ್ಚಲು ಹೋದರು. ಆಟ ಬಂದ್!

"ಹಬ್ಬದ ದಿನಾ ಹೌಸ್‌ಫುಲ್ ಮಂದಿ ಕುಂತಾರ್ರೀ. ನಾ ಭಕ್ತಿಲೆ ಕುಂಕುಮಾ ಹಚ್ಚಾಕ ಹೋದ್ರ, ಅದು ನನ್ನ ಕಳ್ಳ ಅಂತ ತಿಳೀತು. ಬೆಂಗಳೂರಿಂದ ಮೆಕ್ಯಾನಿಕ್ ಬಂದು ರಮಿಸಿದ ಮ್ಯಾಲೆ ಎದ್ದಿತು" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆ ಮೆಕ್ಯಾನಿಕ್ ಹೋಗುವಾಗ ಒಂದು ಮಾತು ಹೇಳಿದ್ದ: ಗುಟ್ಟನ್ನು ಜೀವಂತ ಇಟ್ಟಿರುವುದು ಒಳಗಿನ ಪುಟ್ಟ ಬ್ಯಾಟರಿ. ಮಷಿನ್ನಿಗೆ ಬಹಳ ದಿನ ಕರೆಂಟ್ ತಪ್ಪಿದರೆ ಬ್ಯಾಟರಿ ಸಾಯುತ್ತದೆ, ಗುಟ್ಟೂ ಅದರ ಜೊತೆಗೇ ಹೋಗುತ್ತದೆ. ಚಾವಣಿ ಬಿದ್ದು ಟಾಕೀಸಿನ ಕರೆಂಟ್ ತೆಗೆಸಿದಾಗ ಎಲ್ಲರೂ ಅದನ್ನು ಮರೆತರು. ಹನುಮಂತಪ್ಪ ಮರೆಯಲಿಲ್ಲ. ರಾಯಾಪುರದ ಗೋದಾಮಿನಲ್ಲಿ ಹಮಾಲಿ ಕೆಲಸ ಹಿಡಿದರು. ಪ್ರತಿ ವಾರ ಕೆಲಸಕ್ಕೆ ಹೋಗುವ ಮುಂಚೆ ಇಲ್ಲಿಗೆ ಬಂದು, ಗೋಡೆಯಾಚೆಯ ಮನೆಯ ಶಹಜಹಾನಬೇಗಂ ಅವರಿಂದ ಕಿಟಕಿಯಲ್ಲಿ ವೈರ್ ಎಳೆದುಕೊಂಡು, ಮಷಿನ್ನಿಗೆ ಕರೆಂಟ್ ಕೊಟ್ಟರು. ಮಾಡು ಎಂದವರಿಲ್ಲ, ಸಂಬಳವೂ ಇಲ್ಲ.

"ಜಡ್ಡಿನ ಮನಶ್ಯಾಗ ಗಂಜಿ ಕುಡಿಸಿಧಂಗ ಕುಡಿಸ್ಯಾರ್ರೀ. ಮಳಿ ಇರ್ಲಿ, ಛಳಿ ಇರ್ಲಿ, 'ಆಪಾ, ವೈರ್ ಕೊಡ್ರಿ' ಅಂತ ಬಂದ ಬರಾವ್ರು" ಎನ್ನುತ್ತಾರೆ ಬೇಗಂ.

ರಿಪೇರಿ ಮುಗಿದು ಟಾಕೀಸಿಗೆ ಮತ್ತೆ ಕರೆಂಟ್ ಬಂದಿದೆ. ಹನುಮಂತಪ್ಪ ಹೊಸ ಸಿನಿಮಾದ ಡಿಸ್ಕ್ ಹಾಕುತ್ತಾರೆ. ನಾನು, ರಾಜೇಶ್ವರಿ ಪುಟ್ಟ ಕಿಂಡಿಯಲ್ಲಿ ಕೆಳಗೆ ನೋಡುತ್ತ ನಿಂತಿದ್ದೇವೆ. ಪರದೆ ಕಪ್ಪಗಿದೆ. ಇನ್ನೂ ಕಪ್ಪಗಿದೆ. "ಹೋತೇನ್ರಿ ಕಾಕಾ?" ರಾಜೇಶ್ವರಿ ಕಿಂಡಿಯಿಂದ ತಿರುಗಿ ಕೇಳುತ್ತಾರೆ.

"ತಡೀರಿ ಅಕ್ಕಾರ. ಅದು ನೆನಪ ಮಾಡ್ಕೊಳ್ಳಾಕತ್ತೈತಿ."

ಥಟ್ಟನೆ ಖಾಲಿ ಕುರ್ಚಿಗಳ ಮೇಲೆಲ್ಲ ಬೆಳಕು ಚೆಲ್ಲುತ್ತದೆ. ಪರದೆಯ ತುಂಬ ಹೊಳೆ, ಹೊಳೆಯಲ್ಲಿ ದೋಣಿ! ಎರಡು ವರ್ಷ ಮೂಲೆಯಲ್ಲಿ ಬಿದ್ದಿದ್ದ ಚಿಪ್ಪು ತನ್ನ ಗುಟ್ಟನ್ನು ಮರೆತಿಲ್ಲ. ಯಾರಿಗೆ ಕೈ ಮುಗಿಯಲಿ, ಚಿಪ್ಪಿಗೋ ಈ ಮನುಷ್ಯನಿಗೋ? ರಾಜೇಶ್ವರಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ, "ನಾಳಿ ಬಾಗಲಾ ತಗೀರಿ ಕಾಕಾ" ಎನ್ನುತ್ತಾರೆ.

ಹನುಮಂತಪ್ಪ ಕಿಸೆಯಿಂದ ಫೋನ್ ತೆಗೆದು ಮನೆಗೆ ಹಚ್ಚುತ್ತಾರೆ. ಆ ಕಡೆ ಹೆಂಡತಿ ಉಡಚವ್ವ.

"ಏ, ಕೇಳಿಲ್ಲಿ. ನಾಳಿಂದ ಮಧ್ಯಾಹ್ನ ಊಟಕ್ಕ ನನ್ನ ಹಾದಿ ಕಾಯಬ್ಯಾಡ. ನನಗ ಶೋ ಅದಾವ."