ಸರಿಹೋದ ಪರದೆಯಲ್ಲಿ ದೊಡ್ಡಪ್ಪ

ಗೆಳೆಯರೇ, ಹಳೇ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಸ್ಕ್ರೀನ್ ರೆಸಲ್ಯೂಶನ್ ಇವತ್ತು ಕಡೆಗೂ ಸರಿಯಾಯಿತು. ಇಷ್ಟು ದಿನ ಪರದೆಯಲ್ಲಿ ಎಲ್ಲವೂ ಅಡ್ಡಕ್ಕೆ ಹಿಗ್ಗಿ ಕಾಣುತ್ತಿತ್ತು. ಖುಷಿಯಲ್ಲಿ ದೊಡ್ಡವ್ವನನ್ನು ಕರೆದು, ತೀರಿಹೋದ ದೊಡ್ಡಪ್ಪನ ಫೋಟೊ ತೆರೆದೆ. ಸಗಣಿ ಎರಚಾಡುವ ಗುಮಟಾಪುರದ ಗೊರೆಹಬ್ಬದಲ್ಲಿ ಅವರು ಮೈಯೆಲ್ಲ ಸಗಣಿ ಮಾಡಿಕೊಂಡು ನಗುತ್ತಿರುವ ಆ ಫೋಟೊ ನೋಡಲು ಅವಳು ದಿನಾ ಬರುತ್ತಿದ್ದಳು.

“ಇದ್ಯಾಕ್ಲಾ ಇಂಗೆ ಸೊರಗೋಗವ್ರೆ?”

“ಆ ಹಬ್ಬದೊತ್ಗೆ ಕಾಯ್ಲೆ ಬಂದಿತ್ತಲ್ಲ, ಅಂಗೇ ಇದ್ರು ದೊಡ್ಡವ್ವ. ಇಷ್ಟ್ ದಿನ ಸ್ಕ್ರೀನೇ ತಪ್ಪು ತೋರುಸ್ತಿತ್ತು.”

“ಆ ಕಾಯ್ಲೆ ಮೊಕವ ನಾನ್ ಕಾಣ್ನಾ? ಮೊಕ ತುಂಬ್ಕಂಡಿರೋದ್ನ ನೋಡಕೇ ಬತ್ತಿದ್ದೆ ಕಣ್ಲಾ. ಅದ್ನೂ ಕಳ್ದುಬುಟ್ಟೆ.”

ಎದ್ದು ಹೋದಳು.

ಆಗಿನಿಂದ ಮೊದಲಿನಂತೆ ಮಾಡಲು ಒದ್ದಾಡುತ್ತಿದ್ದೇನೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಸರಿಮಾಡುವುದನ್ನೇ ಬರೆದಿದ್ದಾರೆ. ಕೆಡಿಸುವುದು ಹೇಗೆಂದು ಒಬ್ಬರೂ ಬರೆದಿಲ್ಲ.