ಮಗ್ಗದ ಸಪ್ಪಳ ತೆಗೆದ ಹಾಡು

ಹುಚ್ಚೇಶನ ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಒಂದು ದಿನ ಕರೆಂಟು ಹೋದಾಗ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಕರೆಂಟು ಇರುವಷ್ಟು ಹೊತ್ತು ಪವರ್‌ಲೂಮಿನ ಖಟಾಖಟಿ ಬಿಟ್ಟರೆ ಮತ್ತೇನೂ ಕೇಳುವುದಿಲ್ಲ. ಕರೆಂಟು ಹೋಯಿತೋ, ಆಚೆ ಮನೆಯ ಒಗ್ಗರಣೆ ಸಿಡಿಯುವುದೂ ಕಿವಿಗೆ ಬೀಳುತ್ತದೆ. ಅಂಥ ಹೊತ್ತಿನಲ್ಲಿ ಅವನು ಮಗ್ಗದ ಶೆಡ್ಡಿನಿಂದ ಹೊರಗೆ ಬಂದು, ಕೈಗೆ ಸಿಗುವಷ್ಟು ಹತ್ತಿರ ಕಟ್ಟೆಯ ಮೇಲೆ ಕೂತಿದ್ದ ನನಗೆ, "ಆಯೀ, ನೀರು ಕೊಡು!" ಎಂದು ಓಣಿಯ ಆ ತುದಿಗೆ ಮುಟ್ಟುವಂತೆ ಒದರಿದ.

"ಇಲ್ಲೇ ಅದೇನಿ ಯಪ್ಪಾ, ಯಾಕ ಒದರ್ತಿ?" ಎಂದೆ, ಬಗ್ಗಿ ಕೊಡದಿಂದ ನೀರು ತುಂಬುತ್ತಾ. ಅವನು ನೀರಿಗೆ ಕೈ ಚಾಚಿಕೊಂಡೇ ನಿಂತಿದ್ದ. ತಂಬಿಗೆ ಕೊಡುವಾಗ ಮುಖ ನೋಡಿ ಅದೇ ಮಾತು ಮತ್ತೆ ಅಂದೆ. ಆಗ ನಕ್ಕ. "ಶೆಡ್ಡಿನ ಚಾಳಿ ಆಯಿ, ಬಿಡು."

ಶೆಡ್ಡಿನಲ್ಲಿ ಎಲ್ಲರೂ ಒದರುವವರೇ. ಮಗ್ಗ ನಡೆಯುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ತುಟಿ ನೋಡಿ, ಕೈಸನ್ನೆ ನೋಡಿ ತಿಳಿದುಕೊಳ್ಳಬೇಕು. ಕಿವುಡನೊಬ್ಬ ಅಡಗಿ ಕೂರುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅವನು ಹಾಗೆ ಎಷ್ಟು ದಿನದಿಂದ ಅಡಗಿದ್ದನೋ.

ನಮ್ಮದು ಅಕ್ಕಪಕ್ಕದ ಮನೆ, ಓಣಿಯ ಹುಡುಗರಿಗೆಲ್ಲ ನಾನು ಆಯಿ, ಅಂದರೆ ಅಜ್ಜಿ. ಅವನು ತನ್ನ ಕಾಕಾ ಪಾಂಡಪ್ಪನ ಪವರ್‌ಲೂಮು ನಡೆಸುತ್ತಿದ್ದ. ನಾನೂ ಆಚೆ ಮನೆಯ ಅಮೀನಬಿಯೂ ಆ ಶೆಡ್ಡಿಗೇ ಕಂಡಕಿ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತುವವರು. ಕೈಗೆ ಕೆಲಸ, ಕಿವಿಗೆ ಬಿಡುವು. ಓಣಿಯ ಸುದ್ದಿ ನನ್ನ ರಾಟಿಯನ್ನು ದಾಟಿಯೇ ಮುಂದೆ ಹೋಗಬೇಕು.

ಅವನಿಗೆ ಬ್ಯಾಂಡಿನ ಹುಚ್ಚು ಹತ್ತಿಸಿದ್ದು ಮೊಬೈಲು. ಕೆನಡಾ ಎಂಬ ದೇಶದ ಮೂರು ಮಂದಿಯ ರಾಕ್ ಬ್ಯಾಂಡಂತೆ. ಊರ ತುಂಬ ಹಿಮ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಬಾರಿಸುವುದು ಕಲಿತರಂತೆ. ನೆರೆಯವರು ಬೈದರಂತೆ, ಪೊಲೀಸರು ಬಂದರಂತೆ. ಒಂದು ಹಳೆಯ ಗಾಡಿಯಲ್ಲಿ ಊರೂರು ತಿರುಗಿದರಂತೆ. ಮೊದಲ ಹಾಡು ರೆಕಾರ್ಡು ಮಾಡಿಸಿ, ಅದೇ ಗಾಡಿಯಲ್ಲಿ ಕೂತು ಕೇಳಿ ಮೂವರೂ ಅತ್ತರಂತೆ. ನನ್ನ ಮುಂದೆ ಕೂತು ಇದನ್ನೆಲ್ಲ ಅವನು ನೆಂಟರ ಸುದ್ದಿಯ ಹಾಗೆ ಹೇಳುತ್ತಿದ್ದ.

"ಮುಂದ ಏನಾತು?" ಎಂದರೆ, "ಮುಂದೇನು ಆಯಿ, ತಲಿ ಬೆಳ್ಳಗ ಆಗೂತನಾ ಬಾರಿಸಿದ್ರು" ಎನ್ನುತ್ತಿದ್ದ.

ತನಗೂ ಮೂರು ಮಂದಿ ಬೇಕು ಎಂದು ಹುಡುಕಿದ. ಹುನಗುಂದದ ಸಂಜು ಸಿಕ್ಕ, ಮೊಬೈಲು ರಿಪೇರಿ ಮಾಡುವವ, ಗಿಟಾರು ಬಾರಿಸುತ್ತಿದ್ದ. ಹಾಡುವುದಕ್ಕೆ ಸಿಕ್ಕವಳು ಅಮೀನಬಿಯ ಮಗಳು ನರ್ಗೀಸ. ಅಮೀನಬಿ ಒಪ್ಪುವವಳಲ್ಲ ಎಂದುಕೊಂಡಿದ್ದೆ. ಅವಳು ರಾಟಿ ನಿಲ್ಲಿಸದೆ, "ಶೆಡ್ಡಿನಾಗ ತಾನ ಹಾಡೂದು? ಹಾಡ್ಲಿ ತಗೋ. ಅಲ್ಲಿ ಯಾರಿಗಿ ಕೇಳತೈತಿ?" ಎಂದಳು.

ಹುಚ್ಚೇಶ ಡ್ರಮ್ಮಿಗೆ ಕೂತ. ಮೊದಲು ಎಣ್ಣೆ ಡಬ್ಬಿ, ಆಮೇಲೆ ಬಾಗಲಕೋಟೆಯ ಮುರಿದ ಆರ್ಕೆಸ್ಟ್ರಾದವರ ಹಳೆಯ ಸೆಟ್ಟು. ಬ್ಯಾಂಡಿಗೆ 'ಲಾಳಿ' ಎಂದು ಹೆಸರಿಟ್ಟರು. ಸಂಜೆಯ ಪಾಳಿಯಲ್ಲಿ, ಪಾಂಡಪ್ಪ ಮಗ್ಗ ನಡೆಸುತ್ತಿರುವಾಗಲೇ, ಮೂಲೆಯಲ್ಲಿ ಇವರ ಅಭ್ಯಾಸ. ಆಗ ಮಾತ್ರ ನೆರೆಯವರು ಬೈಯುತ್ತಿರಲಿಲ್ಲ, ಮಗ್ಗದ ಸಪ್ಪಳದಲ್ಲಿ ಇವರ ಸಪ್ಪಳ ಮುಳುಗಿಹೋಗುತ್ತಿತ್ತಲ್ಲ. ಕರೆಂಟು ಹೋದರೆ ಮಗ್ಗವೂ ನಿಲ್ಲುತ್ತಿತ್ತು, ಸಂಜುವಿನ ಗಿಟಾರಿನ ದನಿ ಏರಿಸುವ ಡಬ್ಬಿಯೂ ಸಾಯುತ್ತಿತ್ತು. ಮೂವರೂ ಹೊರಗೆ ಬಂದು ಚಹಾ ಕುಡಿಯುತ್ತಿದ್ದರು. ಹೀಗಾಗಿ ಮಗ್ಗವಿಲ್ಲದೆ ತಮ್ಮ ಹಾಡು ಹೇಗಿದೆ ಎಂದು ಆ ಮೂವರಿಗೂ ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಅವರದೇ ಒಂದು ಹಾಡು ಇತ್ತು. ನರ್ಗೀಸ ಕಟ್ಟಿದ್ದು.

*ಹರಿದ ಎಳಿ ಹುಡುಕಾಕತ್ತೇನಿ*
*ಹಾಸಿನಾಗ ಇಲ್ಲ, ಹೊಕ್ಕಿನಾಗ ಇಲ್ಲ*
*ನನ್ನ ಬೆರಳಿಗಿ ಸುತಗೊಂಡಿತ್ತು*
*ನನಗಽ ಖಬರಿಲ್ಲ*

ಹುನಗುಂದದ ಸಾಲಿಯ ವಾರ್ಷಿಕ ಗ್ಯಾದರಿಂಗಿನಲ್ಲಿ ಮೊದಲ ಸಲ ಹಾಡಿದರು. "ಸಿನಿಮಾದ್ದು ಹಾಡ್ರಿ!" ಎಂದು ಮಂದಿ ಕೂಗಿದರು, ಒಬ್ಬ ಚಪ್ಪಲಿ ತೋರಿಸಿದ. ಬಾದಾಮಿಯ ಒಂದು ಹೊಟೇಲಿನ ಅಂಗಳದಲ್ಲಿ ಪ್ರವಾಸಿಗರ ಮುಂದೆ ಹಾಡಿದಾಗ ಚಪ್ಪಾಳೆ ಬಿತ್ತು. ಎರಡೂ ಕಡೆ ಮಗ್ಗದ ಹಾಗೆ ಒಂದೇ ಸಮ ಬಡಿಯುವ ಜನರೇಟರಿತ್ತು. ಹುಚ್ಚೇಶ ಡ್ರಮ್ಮನ್ನು ಅದರ ಮಗ್ಗುಲಿಗೇ ಎಳೆದುಕೊಂಡು, ಚಪ್ಪಲಿ ಬಿಟ್ಟು ಕೂತಿದ್ದನಂತೆ. "ಲೇ ಹುಚ್ಯಾ, ಜನರೇಟರಿಗಿ ಏನ್ ಲಗ್ನ ಆಗೀಯೇನಲೇ?" ಎಂದು ಸಂಜು ಕಾಡಿಸಿದ್ದನ್ನು ಹುಚ್ಚೇಶನೇ ನಗುತ್ತಾ ಹೇಳಿದ. ನಾನೂ ನಕ್ಕೆ. ಅವನು ತಾಳವನ್ನು ಕಿವಿಯಿಂದ ಹಿಡಿಯುತ್ತಿಲ್ಲ, ನೆಲ ನಡುಗುವುದನ್ನು ಅಂಗಾಲಿನಿಂದ ಹಿಡಿಯುತ್ತಿದ್ದಾನೆ ಎಂದು ಆಗ ಯಾರಿಗೆ ಹೊಳೆಯಬೇಕು?

ಕರೆಂಟು ಹೋದ ಆ ದಿನದ ನಂತರ ಅವನನ್ನು ಹಿಂದಿನಿಂದ ಕರೆದು ನೋಡಿದೆ. ಒಮ್ಮೆಯಲ್ಲ, ಹಲವು ಸಲ. ಕೊನೆಗೆ ಎದುರಿಗೆ ಕೂರಿಸಿಕೊಂಡು ಕೇಳಿದೆ.

"ಬಾಗಲಕೋಟಿ ದವಾಖಾನಿಗಿ ಹೋಗಿದ್ದೆ" ಎಂದ. "ಎಡಗಿವಿ ಹೋಗೇತಿ. ಬಲದ್ದು ಹೊಂಟೈತಿ. ಮಗ್ಗಾನೂ ಬಿಡು, ಡ್ರಮ್ಮೂ ಬಿಡು ಅಂದ್ರು ಡಾಕ್ಟರು. ಬಿಟ್ರ ಬರತೈತೇನ್ರಿ ಅಂದೆ. ಹೋದದ್ದು ಬರಂಗಿಲ್ಲ ಅಂದ್ರು."

"ಸಂಜುಗ ಹೇಳೀಯೇನು? ನರ್ಗೀಸಗ?"

"ನೀನೂ ಹೇಳಬ್ಯಾಡ." ನನ್ನ ಕೈ ಹಿಡಿದುಕೊಂಡ. "ಆಯಿ, ನಮ್ಮ ಹಾಡು ಹೆಂಗೈತಿ ಅನ್ನೂದು ನನಗಽ ಗೊತ್ತಿಲ್ಲ. ಬರೇ ಮಗ್ಗಾನಽ ಕೇಳೇನಿ. ಒಂದಽ ಸಲ, ಮಗ್ಗ ಇಲ್ಲದಂಗ, ಸ್ವಚ್ಛ ಕೇಳ್ತೇನಿ. ಆಮ್ಯಾಲ ಕಿವಿ ಮುಚ್ಚಿದ್ರ ಮುಚ್ಚಲಿ."

ಅಂದಿನಿಂದ ಅವನಿಗೆ ರೆಕಾರ್ಡಿಂಗಿನದೇ ಧ್ಯಾನ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ವೀರೇಶ ಎಂಬವನ ಸ್ಟುಡಿಯೋ ಇದೆ, ಅಲ್ಲಿಗೆ ಹೋಗುವುದು ಎಂದಾಯಿತು. ಆಯಿ ಜೊತೆಗಿದ್ದರೆ ಮಾತ್ರ ಮಗಳನ್ನು ಕಳಿಸುತ್ತೇನೆ ಎಂದಳು ಅಮೀನಬಿ. ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹುಚ್ಚೇಶ ಬಲಗಿವಿಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದ, ಒಳಗಿದ್ದದ್ದು ಸೋರಿ ಹೋದೀತು ಎನ್ನುವ ಹಾಗೆ.

ಸ್ಟುಡಿಯೋ ಅಂದರೆ ಮಾಳಿಗೆಯ ಮೇಲೊಂದು ಕೋಣೆ. ಗೋಡೆಗೆಲ್ಲ ಸ್ಪಂಜು, ನೆಲಕ್ಕೆ ದಪ್ಪ ಜಮಖಾನೆ. ಬಾಗಿಲು ಹಾಕಿದರೆ ಸೀರೆಯ ನೆರಿಗೆ ಸರಿದದ್ದೂ ಕೇಳುತ್ತದೆ. ನಾನು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತೆ.

ಶುರು ಮಾಡಿದರು. ಹುಚ್ಚೇಶ ಬಾರಿಸಿದ, ಸಂಜು ಎತ್ತಿಕೊಂಡ, ನರ್ಗೀಸ ಬಾಯಿ ತೆರೆದಳು. ಒಂದು ಸಾಲು ಮುಗಿಯುವುದರೊಳಗೆ ಮೂವರೂ ಮೂರು ದಾರಿ ಹಿಡಿದರು. ಮತ್ತೆ ಶುರು, ಮತ್ತೆ ಅದೇ. ನರ್ಗೀಸ ಎತ್ತರದ ದನಿಯಲ್ಲಿ ಚೀರುತ್ತಿದ್ದಳು. ಮಗ್ಗದ ಮೇಲೆ ಕೂಗಿ ಕೂಗಿ ಅವಳ ದನಿಗೆ ಇಳಿಯುವುದೇ ಮರೆತುಹೋಗಿತ್ತು. ಸಂಜು ಒಮ್ಮೆ ಓಡುತ್ತಿದ್ದ, ಒಮ್ಮೆ ನಿಲ್ಲುತ್ತಿದ್ದ. ಹುಚ್ಚೇಶ ಜಮಖಾನೆಯ ಮೇಲೆ ಬರಿಗಾಲು ಆಡಿಸುತ್ತಾ, ಕತ್ತಲಲ್ಲಿ ಚಪ್ಪಲಿ ಹುಡುಕುವವನಂತೆ ನೆಲ ತಡಕುತ್ತಿದ್ದ.

"ಏನ್ರಿ ಇದು? ಒಬ್ರು ಬೇವೂರಿಗೆ, ಒಬ್ರು ಶಿರೂರಿಗೆ, ಒಬ್ರು ಬಾದಾಮಿಗೆ ಹೊಂಟಂಗ ಐತಲ್ರಿ!" ಎಂದ ವೀರೇಶ. ಹುಚ್ಚೇಶನ ಕಿವಿಗೆ ಹೆಡ್‌ಫೋನು ಹಾಕಿ, "ಟಿಕ್ ಟಿಕ್ ಅಂತ ಬರತೈತಿ, ಅದರ ಮ್ಯಾಲೆ ಹೊಡೀರಿ" ಎಂದ.

ಹುಚ್ಚೇಶ ಕಾಯುತ್ತಾ ಕೂತ. ಟಿಕ್ ಟಿಕ್ ಶುರುವಾಗಿತ್ತು. ಅಷ್ಟು ದೂರದಿಂದ ನನಗೆ ಕೇಳುತ್ತಿತ್ತು. ಅವನು ಕಾಯುತ್ತಲೇ ಇದ್ದ.

ಸಂಜು ಗಿಟಾರು ಕೆಳಗಿಟ್ಟ. ಅವನ ಎದುರಿಗೆ ಬಂದು ನಿಂತ. "ಲೇ, ನಿನಗ ಕೇಳಂಗಿಲ್ಲೇನು?"

"ಇಲ್ಲಲೇ."

"ಯಾಕ ಹೇಳಲಿಲ್ಲ ಮಗನ?"

"ಹೇಳಿದ್ರ ಬ್ಯಾರೆದಾಂವನ್ನ ತರ್ತಿದ್ರಿ."

ಸಂಜು ಬೈಗುಳ ಬೈದ, ನಾನು ಬಾಯಿಬಿಟ್ಟು ಹೇಳುವಂಥದ್ದಲ್ಲ. ಬೈಯುತ್ತಲೇ ಅಳತೊಡಗಿದ. ನರ್ಗೀಸ ಸ್ಪಂಜಿನ ಗೋಡೆ ನೋಡುತ್ತಿದ್ದವಳು, "ಅಣ್ಣಂದೊಂದಽ ಅಲ್ಲ, ನಮಗ್ಯಾರಿಗೂ ಬರವಲ್ದು. ಇಲ್ಲಿ ಮಗ್ಗ ಎಲ್ಲೈತಿ?" ಎಂದಳು.

ಅದು ಖರೆ. ಹುಚ್ಚೇಶ ಒಬ್ಬನೇ ಅಲ್ಲ, ಮೂವರೂ ಪಾಂಡಪ್ಪನ ಮಗ್ಗದ ಬೆನ್ನಿಗೆ ಆತುಕೊಂಡು ನಿಂತಿದ್ದವರು. ಮಗ್ಗ ಸರಿದರೆ ಮೂವರೂ ಬಿದ್ದರು.

ವೀರೇಶ ಒಳ್ಳೆಯವ. ಮೈಕುಗಳನ್ನು ಇಳಕಲ್ಲಿಗೇ ತರುತ್ತೇನೆ, ಮಗ್ಗ ನಡೆಯುವಾಗಲೇ ಹಾಡಿರಿ, ಆಮೇಲೆ ಕಂಪ್ಯೂಟರಿನಲ್ಲಿ ಮಗ್ಗದ ಸಪ್ಪಳ ತೆಗೆದು ಹಾಕುತ್ತೇನೆ ಎಂದ. ಹುಚ್ಚೇಶ ಅವನ ತುಟಿಯನ್ನೇ ನೋಡುತ್ತಿದ್ದ. "ಪೂರಾ ತಗೀಬೇಕ್ರಿ. ಒಂದು ಖಟ್ ಅನ್ನೂದೂ ಉಳೀಬಾರದು" ಎಂದು ಕೈ ಮುಗಿದ.

ಹಾಗೇ ಆಯಿತು. ಶೆಡ್ಡಿನಲ್ಲಿ ಪಾಂಡಪ್ಪ, "ನನ್ನ ಮಗ್ಗಕ್ಕೂ ಒಂದು ಹಾರ ಹಾಕ್ರಲೇ!" ಎಂದು ನಗುತ್ತಾ ಗುಂಡಿ ಒತ್ತಿದ. ಹುಚ್ಚೇಶ ನೆಲದ ಮೇಲೆ ಅಂಗಾಲು ಊರಿದ. ಎಲ್ಲೂ ತಪ್ಪಲಿಲ್ಲ, ಒಂದೇ ಸಲಕ್ಕೆ ಮುಗಿಯಿತು. ಅವನು ಹಾಗೆ ಬಾರಿಸಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಆಮೇಲೆ ಕಾಯುವುದು ಬಂತು. ಲಗ್ನದ ಹಂಗಾಮು, ವೀರೇಶನಿಗೆ ಮದುವೆ ವಿಡಿಯೋಗಳ ಕೆಲಸ. ಹುಚ್ಚೇಶ ದಿನಾ ಕಟ್ಟೆಗೆ ಬಂದು ನನ್ನ ಮುಂದೆ ಬಲಗಿವಿ ಒಡ್ಡುತ್ತಿದ್ದ. "ಆಯಿ, ಏನರ ಅನ್ನು." ನಾನು ಹೆಸರು ಹಿಡಿದು ಕರೆಯುತ್ತಿದ್ದೆ. "ಕೇಳ್ತು" ಎನ್ನುತ್ತಿದ್ದ. ಬರಬರುತ್ತಾ ಹತ್ತಿರ ಸರಿಯುತ್ತಾ ಬಂದ. ಕೊನೆಕೊನೆಗೆ ನನ್ನ ಬಾಯಿ ಅವನ ಕಿವಿಗೆ ತಾಗುವಷ್ಟು.

"ವೀರೇಶಗ ಫೋನ್ ಹಚ್ಚಲೇ" ಎಂದು ಸಂಜುವಿನ ಜೀವ ತಿನ್ನುತ್ತಿದ್ದ. ಅತ್ತ ಮಗ್ಗದಲ್ಲೂ ಕೆಟ್ಟಿತು. ಎಳೆ ಹರಿದರೆ ಮಗ್ಗದ ಸಪ್ಪಳ ಬದಲಾಗುತ್ತದೆ, ಪಳಗಿದವನಿಗೆ ತಿರುಗಿ ನೋಡದೆಯೂ ತಿಳಿಯುತ್ತದೆ. ಅವನಿಗೆ ತಿಳಿಯಲಿಲ್ಲ. ಒಂದು ಸೀರೆಯ ಒಡಲೆಲ್ಲ ಜಾಳಾಗಿ ಹೋಯಿತು. ಪಾಂಡಪ್ಪ ಬೈಯಲಿಲ್ಲ. ಹೆಗಲು ಹಿಡಿದು ಅವನನ್ನು ಮಗ್ಗದಿಂದ ಆಚೆ ಸರಿಸಿ, ತಾನೇ ನಿಂತುಕೊಂಡ. ಬೈದಿದ್ದರೆ ಚೆನ್ನಾಗಿತ್ತು ಎಂದ ಹುಚ್ಚೇಶ.

ಆ ವಾರವೇ ಜ್ವರ ಬಂತು. ಜ್ವರ ಇಳಿದ ಬೆಳಿಗ್ಗೆ ಬಂದು, "ಅನ್ನು ಆಯಿ" ಎಂದು ಕಿವಿ ಒಡ್ಡಿದ. "ಹುಚ್ಚೇಶಾ" ಎಂದೆ. "ಅನ್ನು" ಎಂದ. ಇನ್ನೂ ಜೋರಾಗಿ ಅಂದೆ, ಆಚೆ ಮನೆಯಿಂದ ಅಮೀನಬಿ ಓಡಿ ಬಂದಳು. ಅವನು ಕಿವಿ ಒಡ್ಡಿಕೊಂಡೇ ಕೂತಿದ್ದ. "ಅನ್ನಲ್ಲ ಆಯಿ, ಯಾಕ ಸುಮ್ನ ಕುಂತಿ?"

ದವಾಖಾನೆಯವರು ಕಿವಿಗೊಂದು ಮಿಷನ್ನು ಹಾಕಿ ನೋಡಿದರು. ಸೀಟಿಯಂಥ ಸಪ್ಪಳ ಬರುತ್ತದೆ, ಮಾತು ಬರುವುದಿಲ್ಲ ಎಂದ. ತೆಗೆದಿಟ್ಟ.

ಹಾಡು ಅದರ ನಂತರ ಬಂತು.

ಸಂಜು ಅದನ್ನು ಮೊಬೈಲಿನಲ್ಲಿ ತಂದ, ಜೊತೆಗೆ ಬ್ಯಾಟರಿಯ ಒಂದು ಸ್ಪೀಕರು. ನನ್ನ ಕಟ್ಟೆಯ ಮೇಲೆ ಇಟ್ಟ. ನರ್ಗೀಸ, ಅಮೀನಬಿ, ಪಾಂಡಪ್ಪ ಎಲ್ಲರೂ ಬಂದರು. ಮಧ್ಯಾಹ್ನದ ಊಟಕ್ಕೆ ಮಗ್ಗ ನಿಲ್ಲಿಸಿದ್ದರು. ಹಾಡು ಶುರುವಾಯಿತು. ಏನು ಹೇಳಲಿ, ಗಂಜಿ ಹೋದ ನೂಲಿನ ಹಾಗೆ, ಇನ್ನೇನು ಹರಿದೀತು ಎನ್ನುವಂತೆ ಇತ್ತು ಆ ಹುಡುಗಿಯ ದನಿ. ಇಷ್ಟು ದಿನ ಶೆಡ್ಡಿನ ಬಾಗಿಲಲ್ಲೇ ಕೂತು ಕೇಳಿದವಳು ನಾನು, ಆ ಹಾಡಿನಲ್ಲಿ ಅಷ್ಟೊಂದು ದುಃಖ ಇದೆ ಎಂದು ಗೊತ್ತಿರಲಿಲ್ಲ. ಅಮೀನಬಿ ಸೆರಗು ಬಾಯಿಗೆ ಒತ್ತಿಕೊಂಡಳು.

ಹುಚ್ಚೇಶ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಆಮೇಲೆ ಎರಡೂ ಅಂಗೈ ಸ್ಪೀಕರಿನ ಮೇಲಿಟ್ಟು ಕಣ್ಣು ಮುಚ್ಚಿದ.

"ಇದು ನಾನು" ಎಂದ. ಡ್ರಮ್ಮು ಅಂಗೈಗೆ ಹತ್ತಿತ್ತು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು. "ಮಗ್ಗ ಎಲ್ಲಿ?"

ಸಂಜು ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. "ತಗದಾರಲೇ. ನೀನಽ ಹೇಳಿದ್ದಿ."

"ಇದರಾಗ ನಾ ಒಬ್ಬಾಂವನಽ ಅದೇನಿ."

ಎದ್ದು ಶೆಡ್ಡಿಗೆ ಹೋದ. ಪಾಂಡಪ್ಪ, "ಲೇ, ಲೇ" ಎನ್ನುವಷ್ಟರಲ್ಲಿ ಬಾಗಿಲ ಹತ್ತಿರದ ಮಗ್ಗದ ಗುಂಡಿ ಒತ್ತಿಬಿಟ್ಟ. ಬಂದು ಒಂದು ಕಾಲನ್ನು ಕಟ್ಟೆಗೆ ತಾಗಿದ ಶೆಡ್ಡಿನ ಹೊಸ್ತಿಲ ಕಲ್ಲಿನ ಮೇಲಿಟ್ಟು, ಕೈಗಳನ್ನು ಸ್ಪೀಕರಿನ ಮೇಲಿಟ್ಟು ಕೂತ. ಸಂಜು ಹಾಡನ್ನು ಮೊದಲಿನಿಂದ ಹಚ್ಚಿದ. ನಮಗಾರಿಗೂ ಹಾಡು ಕೇಳಲಿಲ್ಲ, ಬರೀ ಮಗ್ಗ. ಅವನ ಮುಖ ಮಾತ್ರ ಸಡಿಲಾಯಿತು, ತಾಳಕ್ಕೆ ಗದ್ದ ಅಲುಗತೊಡಗಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗ ನಿಂತಿತು. ಬ್ಯಾಟರಿಯದ್ದಲ್ಲವೇ, ಹಾಡು ನಡೆದೇ ಇತ್ತು. *ನನ್ನ ಬೆರಳಿಗಿ ಸುತಗೊಂಡಿತ್ತು.* ಅವನು ಅಂಗಾಲನ್ನು ಕಲ್ಲಿಗೆ ಇನ್ನಷ್ಟು ಒತ್ತಿದ, ಇನ್ನಷ್ಟು. ಆಮೇಲೆ ಕೈ ತೆಗೆದು ಕಾಲೆರಡೂ ಕಟ್ಟೆಯ ಮೇಲೆ ಮಡಚಿಕೊಂಡ. ಹಾಡು ಮುಗಿದಿರಲಿಲ್ಲ.

"ಡ್ರಮ್ಮಿಗೆ ಬ್ಯಾರೆದಾಂವನ್ನ ನೋಡ್ರಿ" ಎಂದ.

ನರ್ಗೀಸ ಅವನ ಎದುರಿಗೆ ಬಂದು ಕೂತಳು. "ನಾ ಬ್ಯಾರೆದಾಂವನ ಸಂಗಾಟ ಹಾಡಂಗಿಲ್ಲಣ್ಣ."

"ಹಾಡವ್ವಾ. ಕೆನಡಾದವರೂ ಡ್ರಮ್ಮಿನಾಂವನ್ನ ಬದಲಿ ಮಾಡ್ಯಾರ. ಮೊದಲನೇ ಹಾಡು ಆಗಿ ಸ್ವಲ್ಪ ದಿನಕ್ಕಽ ಮಾಡ್ಯಾರ. ತಗದ್ರಲ್ಲ, ಬ್ಯಾಂಡ್ ಕಟ್ಟಿದಾಂವನಽ ಅಂವ."

ಸಂಜು ಗೋಡೆಯ ಕಡೆ ತಿರುಗಿಕೊಂಡಿದ್ದ. "ಇಷ್ಟು ದಿನ ಅದೊಂದು ಯಾಕ ಹೇಳಲಿಲ್ಲಲೇ?" ಎಂದ. ಬೆನ್ನು ತಿರುಗಿಸಿ ಅಂದ ಮಾತು, ಹುಚ್ಚೇಶನಿಗೆ ಮುಟ್ಟಲಿಲ್ಲ. ಅವನಿಗೆ ತಿಳಿಸಿ ಹೇಳಲು ಯಾರಿಗೂ ಮನಸ್ಸಾಗಲಿಲ್ಲ.

ಮಗ್ಗದ ಗುಂಡಿ ಒತ್ತಿದ್ದು ಒತ್ತಿದಂತೆಯೇ ಇತ್ತು. ಕರೆಂಟು ಬಂದದ್ದೇ ತಡ, ಯಾರೂ ನಿಂತಿರದ ಮಗ್ಗ ಖಟಾರೆಂದು ತಾನೇ ಎದ್ದಿತು. ನಾವೆಲ್ಲ ಬೆಚ್ಚಿ ಆ ಕಡೆ ತಿರುಗಿದೆವು. ಅವನು ತಿರುಗಲಿಲ್ಲ.

"ಆಯೀ, ನೀರು ಕೊಡು!" ಎಂದು ಒದರಿದ.

ಕೊಟ್ಟೆ.