ಬಾಗಿಲಿನ ಅಡಿಯ ಕೊಂಬಿನ ಬಣ್ಣ

ನನ್ನ ಜೊತೆ ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸ ಕಲಿತವನೊಬ್ಬನಿದ್ದಾನೆ. ಅವನ ಗ್ಯಾರೇಜು ಚಿಕ್ಕೋಡಿಯಲ್ಲಿ, ನನ್ನದು ನಿಪ್ಪಾಣಿಯಲ್ಲಿ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು? ಅವನ ಸುದ್ದಿ ಕಿವಿಗೆ ಬಿದ್ದ ದಿನ ನಾನು ಎಷ್ಟು ರೊಟ್ಟಿ ತಟ್ಟೆಯಲ್ಲೇ ಬಿಡುತ್ತೇನೆ ಎನ್ನುವುದು ನನ್ನ ಹೆಂಡತಿಗೆ ಬಾಯಿಪಾಠವಾಗಿದೆ.

ಕಿಚ್ಚಿಗೆ ಕಾರಣ ಅವನ ದೊಡ್ಡ ಗ್ಯಾರೇಜಲ್ಲ, ಒಂದು ಮಾತು. ನಾವಿಬ್ಬರೂ ಒಬ್ಬರೇ ವಸ್ತಾದರ ಕೈಕೆಳಗೆ ಕಲಿತವರು. ವಸ್ತಾದರು ಮುಗಿದ ಕೆಲಸವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಅಂಗೈ ಆಡಿಸುತ್ತಿದ್ದರು. ಒಂದು ದಿನ ಅವನು ಬಣ್ಣ ಹೊಡೆದ ಜೀಪಿನ ಬಾನೆಟ್ಟಿನ ಮೇಲೆ ಹಾಗೆ ಕೈ ಆಡಿಸಿ, "ಇದು ನನ್ನ ಕೈ" ಎಂದರು. ಅದೇ ಜೀಪಿನ ಬಾಗಿಲು ನನ್ನ ಕೆಲಸ. ಅದರ ಮೇಲೂ ಕೈ ಆಡಿಸಿ, "ಚಲೋ ಐತಿ" ಎಂದು ಚಹಾಕ್ಕೆ ಹೋದರು. ಚಲೋ ಐತಿ ಅಂತ ಉಪ್ಪಿಟ್ಟಿಗೂ ಹೇಳುತ್ತಾರೆ. ಇಪ್ಪತ್ತೈದು ವರ್ಷವಾಯಿತು, ಆ ಇನ್ನೊಂದು ಮಾತು ನನಗೂ ಒಮ್ಮೆ ಸಿಗಲಿ ಎಂದು ಕಾಯುತ್ತಲೇ ಇದ್ದೆ.

ಅವನು ಮುಂದೆ ಹೊಸ ಬಣ್ಣಕ್ಕೆ ಹೋದ. ಪಿಯು ಎನ್ನುತ್ತಾರೆ. ಗಟ್ಟಿಯಾಗುವ ಔಷಧ ಬೆರೆಸಿ ಎರಡು ಕೋಟು, ಮೇಲೊಂದು ಪಾರದರ್ಶಕ ಕೋಟು ಹೊಡೆದರೆ ಮುಗಿಯಿತು, ಗಾಜಿನಂತೆ ನಿಲ್ಲುತ್ತದೆ. ಆದರೆ ಒಣಗುವವರೆಗೆ ಧೂಳು ಬೀಳಬಾರದು, ಅದಕ್ಕೆ ಮುಚ್ಚಿದ ಕೋಣೆ ಬೇಕು. ಅವನು ಕಟ್ಟಿಸಿದ. ಬಿಳಿ ಅಂಗಿ ತೊಟ್ಟು, ಮೂಗಿಗೆ ಮುಖವಾಡ ಹಾಕಿಕೊಂಡು ಡಾಕ್ಟರನಂತೆ ಒಳಗೆ ಹೋಗುತ್ತಾನೆ. ನನ್ನದು ತಗಡಿನ ಶೆಡ್ಡು. ನಿಪ್ಪಾಣಿಯ ಗಾಳಿಯಲ್ಲಿ ತಂಬಾಕಿನ ಪುಡಿ ಸದಾ ಹಾರಾಡುತ್ತದೆ. ಪಿಯು ಹೊಡೆದರೆ ಕಾರಿಗೆ ಬಣ್ಣದ ಬದಲು ನಶ್ಯ ಮೆತ್ತಿಕೊಂಡೀತು. ಆದ್ದರಿಂದ ನಾನು ವಸ್ತಾದರ ಹಳೆಯ ಎನ್‌ಸಿ ಬಣ್ಣವನ್ನೇ ಹಿಡಿದುಕೊಂಡೆ. ಅದು ಧೂಳು ಕೂರುವಷ್ಟರಲ್ಲಿ ಒಣಗುತ್ತದೆ. ಹದಿನೈದು ತೆಳು ಕೋಟು ಹೊಡೆಯಬೇಕು, ನಡುನಡುವೆ ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಬೇಕು, ಕೊನೆಗೆ ರಟ್ಟೆ ಬೀಳುವವರೆಗೆ ಪಾಲಿಶ್. ಹೊಳಪು ಮೇಲೆ ಕೂತಿರುವುದಿಲ್ಲ, ಒಳಗಿನಿಂದ ಬರುತ್ತದೆ. ಹೀಗೆಂದು ನಾನು ಬಂದವರಿಗೆಲ್ಲ ಭಾಷಣ ಮಾಡುತ್ತಿದ್ದೆ. ಕೋಣೆ ಕಟ್ಟಿಸುವ ತಾಕತ್ತು ಇದ್ದಿದ್ದರೆ ಯಾವ ಭಾಷಣ ಮಾಡುತ್ತಿದ್ದೆನೋ ಗೊತ್ತಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಏಕಸಂಬಿಯ ಸಾವಕಾರರೊಬ್ಬರು ನಮ್ಮಿಬ್ಬರನ್ನೂ ಕರೆಸಿದರು. ಕಬ್ಬು, ತಂಬಾಕು ಬೆಳೆಯುವ ಜೈನ ಮನೆತನ. ಅವರ ತಂದೆಯ ಕಾಲದ ಕರಿಯ ಅಂಬಾಸಿಡರ್ ಕಾರನ್ನು ಮತ್ತೆ ಹೊಸದಾಗಿಸಬೇಕೆಂದು ಅವರಿಗೆ ಆಸೆ. ಆ ಕಾರಿಗೆ ಮೊದಲು ಎನ್‌ಸಿ ಹೊಡೆದವರು ನಮ್ಮ ವಸ್ತಾದರೇ.

"ನಮ್ಮಪ್ಪ ಇದ್ದಾಗಿನ ಹೊಳಪು ಬೇಕ್ರಿ," ಎಂದರು ಸಾವಕಾರರು. "ಆದ್ರ ಮಂದಿ, ಹಳೀ ಬಣ್ಣ ಬಿಸಲಿಗೆ ತಡಿಯೂದಿಲ್ಲ, ಹೊಸಾದು ಹೊಡಸ್ರಿ ಅಂತಾರ. ನನಗ ತಿಳೀವಲ್ದು. ನೀವಿಬ್ರೂ ಒಂದೊಂದು ಬಾಗಲಾ ಮಾಡಿ ತರ್ರಿ. ವಸ್ತಾದ್ರು ಕೈ ಆಡಸಿ ಯಾವ್ದು ಅಂತಾರೋ ಅದನ್ನ ಇಡೀ ಗಾಡಿಗೆ ಹೊಡಸ್ತೇನಿ."

ಕಾರು ಸಿಗುವುದು ಬಿಡುವುದು ಆಮೇಲಿನ ಮಾತು. ವಸ್ತಾದರಿಗೆ ಈಗ ಕಣ್ಣು ಮಂಜಾಗಿದೆ, ರಾಯಬಾಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ಅಂಗೈ ಇನ್ನೊಂದು ಸಲ ನನ್ನ ಕೆಲಸದ ಮೇಲೆ ಆಡುತ್ತದೆ ಎಂದರೆ ಅದೇ ಕೊನೆಯ ಸಲ.

ಕಾರು ನನ್ನ ಶೆಡ್ಡಿಗೆ ಬಂತು. ಮುಂದಿನ ಎರಡು ಬಾಗಿಲು ಬಿಚ್ಚಿ, ಎರಡರ ಕೆಳ ಅಂಚನ್ನೂ ಬ್ಲೇಡಿನಿಂದ ಕೆರೆದು ನೋಡಿದೆ. ಮೇಲೆ ಕಪ್ಪು. ಅದರಡಿ ಕೆಂಪು, ಎತ್ತಿನ ಕೊಂಬಿನ ಕೆಂಪು.

ನಮ್ಮ ಕಡೆ ಒಕ್ಕಲುತನದ ಮನೆಗಳಲ್ಲಿ ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಎಣ್ಣೆಬಣ್ಣ ಬಳಿಯುತ್ತಾರೆ. ಡಬ್ಬಿಯಲ್ಲಿ ಉಳಿದದ್ದನ್ನು ಚೆಲ್ಲಲು ಯಾರಿಗೂ ಮನಸ್ಸು ಬಾರದು. ಚಕ್ಕಡಿಗೊಂದು ಕೈ, ಗೇಟಿಗೊಂದು ಕೈ. ಸಾವಕಾರರ ತಂದೆ ಕಾರಿನ ಬಾಗಿಲು ತುಕ್ಕು ಹಿಡಿದಲ್ಲೂ ಬಳಿದಿದ್ದರು. ಮುಂದೆ ಯಾವನೋ ಅದರ ಮೇಲೆ ಕುಂಚದಿಂದ ಕಪ್ಪು ಎಳೆದಿದ್ದ. ಆ ಎಣ್ಣೆಬಣ್ಣವನ್ನು ತಗಡು ಕಾಣುವವರೆಗೆ ಕೆರೆದು ತೆಗೆಯದಿದ್ದರೆ ಮೇಲೆ ಹೊಡೆದ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಏಳುತ್ತದೆ. ಎನ್‌ಸಿ ಆದರೆ ಹೊಡೆದ ಕೂಡಲೇ, ಪಿಯು ಆದರೆ ಸ್ವಲ್ಪ ತಡವಾಗಿ.

ಇದನ್ನು ಅವನಿಗೆ ಹೇಳಬೇಕಿತ್ತು. ಬಾಗಿಲು ಒಯ್ಯಲು ಬಂದಾಗ ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅವನು ನನ್ನ ಹಳೆಯ ಸ್ಪ್ರೇ ಗನ್ನು ಕೈಗೆತ್ತಿಕೊಂಡು, "ಇದನ್ನ ಇನ್ನೂ ಇಟ್ಟೀಯಲ್ಲೋ ಮಾರಾಯಾ" ಎಂದು ನಕ್ಕ. ಪ್ರೀತಿಯಿಂದಲೇ ನಕ್ಕಿರಬೇಕು. ನನಗೆ ಹಾಗೆ ಕೇಳಿಸಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ನಿನ್ನ ಗಾಜು ಸುಕ್ಕಾಗಲಿ ಮಗನೇ, ವಸ್ತಾದರ ಅಂಗೈಗೇ ತಾಗಲಿ ಅಂದುಕೊಂಡೆ. ಅವನು ಚಹಾ ಕುಡಿಯುತ್ತಿದ್ದಾಗ ಅವನ ಬಾಗಿಲಿನ ಮೇಲಿನ ಬ್ಲೇಡಿನ ಗೆರೆಗೆ ಒಂದಿಷ್ಟು ಕರಿ ಪಾಲಿಶ್ ಒತ್ತಿ, ಕೆಂಪು ಕಾಣದಂತೆ ಮಾಡಿದೆ. ಆಮೇಲೆ ಬಾಗಿಲನ್ನು ಕೌದಿಯಲ್ಲಿ ಸುತ್ತಿ ನಾನೇ ಅವನ ಗಾಡಿಗೆ ಏರಿಸಿದೆ. ಏನು ಉಪಚಾರ ನನ್ನದು!

ನಾಲ್ಕನೆಯ ದಿನ ಅವನ ಫೋನು ಬಂತು.

"ದೋಸ್ತ, ಬಾಗಲಾದ ಕೆಳಗ ಕೊಂಬಿನ ಬಣ್ಣ ಐತಿ ನೋಡು. ನಿಂದರಾಗೂ ಇರಬೇಕು. ತಗಡ ಕಾಣೂತನಕ ಕೆರಿ, ಇಲ್ಲಾಂದ್ರ ನಿನ್ನ ಎನ್‌ಸಿ ಪೂರಾ ಎಬ್ಬಸತೈತಿ."

ನನ್ನ ಮುಂದೆ ನನ್ನ ಬಾಗಿಲು ಆಗಲೇ ಬರೀ ತಗಡಾಗಿ ನಿಂತಿತ್ತು. "ಹೌದೇನ? ನೋಡ್ತೇನಿ ತಡಿ," ಎಂದೆ. "ಆತು," ಎಂದು ಅವನು ಫೋನು ಇಟ್ಟ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎಷ್ಟು ದೊಡ್ಡ ಮನುಷ್ಯನಂತೆ ಫೋನು ಮಾಡುತ್ತಾನೆ ನೋಡು ಎಂದು ಇನ್ನಷ್ಟು ಉರಿದುಕೊಂಡೆ. ಆ ಉರಿಯಲ್ಲೇ ಹದಿನೈದರ ಬದಲು ಹದಿನೆಂಟು ಕೋಟು ಹೊಡೆದೆ, ಬೆರಳಿನ ಚರ್ಮ ಹೋಗುವಂತೆ ಉಜ್ಜಿದೆ.

ತೀರ್ಪಿನ ದಿನ ಅವನೇ ರಾಯಬಾಗಕ್ಕೆ ಹೋಗಿ ವಸ್ತಾದರನ್ನು ಏಕಸಂಬಿಗೆ ಕರೆತಂದ. ಸಾವಕಾರರ ಅಂಗಳದಲ್ಲಿ ಎರಡು ಬಾಗಿಲುಗಳನ್ನೂ ಗೋಡೆಗೆ ಆನಿಸಿ ಇಟ್ಟಿದ್ದೆವು. ವಸ್ತಾದರು ಮೊದಲು ಅವನ ಬಾಗಿಲಿನ ಮೇಲೆ ಕೈ ಆಡಿಸಿದರು.

"ಗಾಜು ಐತಿ. ಒಂದ ಕಣಾ ಧೂಳಿಲ್ಲ," ಎಂದರು. "ಚಲೋ ಐತಿ."

ಚಲೋ ಐತಿ. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಆಮೇಲೆ ಅವರ ಕೈ ನನ್ನ ಬಾಗಿಲಿಗೆ ಬಂತು. ಮೇಲಿನಿಂದ ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ಕೆಳ ಅಂಚಿನಲ್ಲಿ ನಿಂತಿತು.

"ಇದು ನನ್ನ ಕೈ," ಎಂದರು ವಸ್ತಾದರು.

"ಹಂಗಾದ್ರ ಹಳೀ ಬಣ್ಣನ ಆತು ಬಿಡ್ರಿ," ಎಂದು ಸಾವಕಾರರು ನಕ್ಕರು. ವಸ್ತಾದರು ಮಾತ್ರ ಬಾಗಿಲು ಬಿಡಲಿಲ್ಲ.

"ಇಲ್ಲಿ ಕೆಳಗ ಕೊಂಬಿನ ಬಣ್ಣ ಇರಬೇಕಿತ್ತು," ಎಂದರು. "ಸಾವಕಾರ್ರ ಅಪ್ಪಾರು ಕಾರಹುಣ್ಣಿವಿಗೊಮ್ಮೆ ಬಳೀತಿದ್ರು, ನಾ ಜಗಳಾ ಮಾಡ್ತಿದ್ನಿ. ನಿಮ್ಮಿಬ್ರಾಗ ಮೊದಲ ಯಾರು ಕಂಡ್ರಿ?"

"ನಾನ್ರಿ," ಎಂದುಬಿಟ್ಟೆ. ಹೊಗಳಿಕೆಯ ಅಮಲು.

"ಇಂವಗ ಹೇಳಿದೇನ?"

ಹೌದೆನ್ನಲು ಅವನು ಪಕ್ಕದಲ್ಲೇ ನಿಂತಿದ್ದ, ಇಲ್ಲವೆನ್ನಲು ವಸ್ತಾದರ ಕೈ ಇನ್ನೂ ನನ್ನ ಬಾಗಿಲಿನ ಮೇಲೆಯೇ ಇತ್ತು.

"ಹೇಳಿದ್ದನ್ರಿ ವಸ್ತಾದ್ರ," ಎಂದ ಅವನು. "ಬಾಗಲಾ ಕೊಡೂವಾಗನ ಹೇಳಿದಾ. ಇಲ್ಲಾಂದ್ರ ನಂದು ಸುಕ್ಕಾಗತಿತ್ತು."

"ಹಂಗಿರಬೇಕು," ಎಂದು ವಸ್ತಾದರು ನನ್ನ ಬೆನ್ನು ತಟ್ಟಿದರು. ಅವರ ಕೈ ಹಗುರವಾಗಿತ್ತು. ನನಗೆ ಆ ಪೆಟ್ಟು ತಡೆಯಲಾಗಲಿಲ್ಲ.

ಹೊರಡುವಾಗ ವಸ್ತಾದರನ್ನು ತನ್ನ ಗಾಡಿಯಲ್ಲಿ ಕೂರಿಸಿ ಅವನು ನನ್ನ ಹತ್ತಿರ ಬಂದ. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ನನ್ನ ಬಾಗಲಾದ ಗೆರಿಗೆ ಪಾಲಿಶ್ ಸ್ವಲ್ಪ ಹೆಚ್ಚ ಒತ್ತಿದ್ದಿ, ದೋಸ್ತ," ಎಂದು ಮೆಲ್ಲಗೆ ಹೇಳಿ ಹೋದ.

ಸಾವಕಾರರ ಕಾರನ್ನು ನಾನೇ ಮುಗಿಸಿದೆ. ಏಕಸಂಬಿಗೆ ಹೋದವರು ನೋಡಿ ಹೊಗಳುತ್ತಾರೆ, ನಾನು ಮಾತು ತೇಲಿಸುತ್ತೇನೆ. ಚಿಕ್ಕೋಡಿಗೆ ಹೋಗಿ ತಪ್ಪಾಯಿತು ಎನ್ನಲು ಎರಡು ಸಲ ಹೊರಟೆ, ಎರಡು ಸಲವೂ ಅವನ ಗ್ಯಾರೇಜಿನ ಬೋರ್ಡು ಕಂಡ ಕೂಡಲೇ ಗಾಡಿ ತಿರುಗಿಸಿದೆ. ಹೊಟ್ಟೆಕಿಚ್ಚು ಈಗಲೂ ಇದೆ. ವಸ್ತಾದರ ಮುಂದೆ ಅವನು ಹೇಳಿದ ಆ ಸುಳ್ಳನ್ನು ಅವನ ಜಾಗದಲ್ಲಿ ನಾನಿದ್ದರೆ ಹೇಳುತ್ತಿರಲಿಲ್ಲ. ಅದು ನನಗೆ ಗೊತ್ತು, ಅವನಿಗೂ ಗೊತ್ತು.